ದೊಡ್ಡವ್ವನ ಎಡಗೈ ಗಂಟು

ಚೆಂಡುಹೂವಿನ ಎಸಳು ಬಿಡಿಸುವಾಗ ಬರುವ ಘಾಟು ಬೇರೆಯವರಿಗೆ ಏನನ್ನು ನೆನಪಿಸುತ್ತದೋ ನನಗೆ ಗೊತ್ತಿಲ್ಲ. ನನ್ನ ಮೂಗಿಗೆ ಮಾತ್ರ ಅದರ ಜೊತೆಗೇ ಕುರಿ ತುಪ್ಪಟದ ಕಮಟು ವಾಸನೆಯೂ ಬಂದುಬಿಡುತ್ತದೆ, ಹತ್ತಿರದಲ್ಲೆಲ್ಲೂ ಕುರಿ ಇಲ್ಲದಿದ್ದರೂ. ನಾಳೆ ನಮ್ಮ ಪಂಚಾಯಿತಿ ಅಧ್ಯಕ್ಷರ ಚುನಾವಣೆ. ಮೀಸಲಾತಿಯಂತೆ ಈ ಸಲದ ಕುರ್ಚಿ ನಮ್ಮ ಕೇರಿಯ ಜನದ ಹೆಂಗಸಿಗೆ, ಸದಸ್ಯರಲ್ಲಿ ಹಾಗಿರುವವಳು ನಾನೊಬ್ಬಳೇ. ಹಾರಕ್ಕೆಂದು ನನ್ನ ಗಂಡ ಗೆಜ್ಜಲಗೆರೆಯ ಫ್ಯಾಕ್ಟರಿಗೆ ರಜಾ ಹಾಕಿ, ಮಳವಳ್ಳಿಯಿಂದ ಒಂದು ಚೀಲ ಚೆಂಡುಹೂ ತಂದು ಜಗಲಿಯ ಮೇಲೆ ಸುರಿದಿದ್ದಾನೆ. ಈ ಜಗಲಿ, ಈ ತಾರಸಿ ಮನೆ ಎಲ್ಲ ಹೊಸದು. ಇದರ ತಳಪಾಯದಡಿ ನನ್ನ ದೊಡ್ಡವ್ವನ ಮನೆಯ ಮಣ್ಣಿದೆ.

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಹೊಂಬಾಳಮ್ಮ. ಹೆತ್ತವಳು ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ನಾಡಹೆಂಚಿನ ಮನೆ, ಒಳಗೆ ಕಾಲಿಟ್ಟರೆ ಎಡಕ್ಕೆ ಒಲೆ, ಬಲಕ್ಕೆ ಕುರಿದೊಡ್ಡಿ, ನಡುವೆ ಮೊಣಕಾಲೆತ್ತರದ ಒಂದು ಗೋಡೆ. ನಾವು ಉಣ್ಣುವುದನ್ನು ಕುರಿಗಳೂ, ಅವು ಮೆಲುಕು ಹಾಕುವುದನ್ನು ನಾವೂ ನೋಡಿಕೊಂಡಿರುತ್ತಿದ್ದೆವು. ಬಂಡೂರು ತಳಿಯ ಕುರಿಗಳು, ಗಿಡ್ಡ ಕಾಲಿನ, ಮೈತುಂಬಿದ, ಮದುವೆಮನೆಯ ಬೀಗಿತ್ತಿಯರ ಹಾಗೆ ಗತ್ತಿನವು. ದೊಡ್ಡವ್ವ ಎಡಚಿ. ಮುದ್ದೆ ಕಟ್ಟುವುದು, ಸೊಪ್ಪು ಕೊಯ್ಯುವುದು, ನನಗೆ ಎರಡು ಬಿಡುವುದು ಎಲ್ಲವೂ ಎಡಗೈಯಲ್ಲೇ. ಕುರಿಗಳನ್ನು ಗೂಟಕ್ಕೆ ಕಟ್ಟುವ ಜಾರುಗಂಟೂ ಹಾಗೆಯೇ. ಎಡಗಡೆಯ ಎಳೆ ಹಿಡಿದು ಮೆಲ್ಲಗೆ ಎಳೆದರೆ ಸಲೀಸಾಗಿ ಬಿಚ್ಚಿಕೊಳ್ಳುತ್ತಿತ್ತು. ಬಲಗಡೆಯದನ್ನು ಎಳೆದರೆ ಮುಗಿಯಿತು, ಎಳೆದಷ್ಟೂ ಬಿಗಿ. ನಾಯಿ ನುಗ್ಗಿದರೆ ಕುರಿ ಬಿಡಿಸಲು ತಡವಾಗಬಾರದು, ಕಳ್ಳ ಬಂದರೆ ಅವನ ಕೈಗೆ ಬಿಚ್ಚಬಾರದು, ಅದು ಅವಳ ಲೆಕ್ಕ.

ಅವಳಿಗೆ ಈ ದೇಶದ ಮೇಲಿದ್ದ ಮೋಹ ಎಂಥದೆಂದು ಈಗ ಹೇಳಿದರೆ ನಗುತ್ತೀರಿ. ಓಟಿನ ದಿನ ಬಂತೆಂದರೆ ಕೋಳಿ ಕೂಗುವ ಹೊತ್ತಿಗೆ ತಲೆಗೆ ನೀರು ಹಾಕಿಕೊಂಡು, ಮದುವೆಯ ಸೀರೆ ಉಟ್ಟು, ಗೋಡೆಯ ಮೇಲಿದ್ದ ನೀಲಿ ಕೋಟಿನ ಫೋಟೋಗೆ ಕೈ ಮುಗಿದು, ಬೂತಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿರುತ್ತಿದ್ದಳು. "ಇವತ್ತೊಂದ್ ದಿನ ಯಜಮಾನ್ರುಗೂ ಒಂದೇ ಓಟು, ನಂಗೂ ಒಂದೇಯ ಕಣ್ ಕೂಸು" ಎನ್ನುವಾಗ ಅವಳ ಮುಖ ನೋಡಬೇಕಿತ್ತು. ಯಜಮಾನರೆಂದರೆ ನಮ್ಮೂರಿನ ದೊಡ್ಡಮನೆಯವರು. ಹೊಳೆಸಾಲಿನ ಗದ್ದೆ, ಆಲೆಮನೆ, ಊರಿನ ನ್ಯಾಯ ಎಲ್ಲವೂ ಅವರದೇ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮೊದಲ ಸಲ ಮೀಸಲಾತಿ ಬಂದು ನನ್ನ ದೊಡ್ಡವ್ವ ಅಧ್ಯಕ್ಷೆಯಾದಳು, ಯಜಮಾನರು ಉಪಾಧ್ಯಕ್ಷರಾದರು. ಅವರ ಎದುರು ಕುರ್ಚಿಯಲ್ಲಿ ಕೂರಲು ಅವಳು ಹೆದರುತ್ತಾಳೆಂದು ಊರು ಲೆಕ್ಕ ಹಾಕಿತ್ತು. ಅವಳು ಕಾಲಮೇಲೆ ಕಾಲು ಹಾಕಲಿಲ್ಲ ಅಷ್ಟೇ, ಬೆನ್ನು ಪೂರ್ತಿ ಒರಗಿಸಿಯೇ ಕೂತಳು.

ಆ ವರ್ಷ ಸ್ವಾತಂತ್ರ್ಯ ದಿನಕ್ಕೆ ಪಂಚಾಯಿತಿ ಮುಂದೆ ಬಾವುಟ ಹಾರಿಸಬೇಕಾದವಳು ಅವಳೇ. ವಾರದ ಮುಂಚಿನಿಂದ ನಮ್ಮ ಮನೆ ಮುಂದೆ ಒಂದು ಬಿದಿರಿನ ಗಳು ನಿಂತಿತು, ಅದಕ್ಕೊಂದು ಹಗ್ಗ, ಹಗ್ಗದ ತುದಿಗೆ ಹಳೇ ಸೀರೆಯ ತುಂಡು. ಬಟ್ಟೆಯನ್ನು ಹೇಗೆ ಮಡಿಸಬೇಕು, ಒಳಗೆ ಹೂವಿನ ಎಸಳನ್ನು ಹೇಗೆ ತುಂಬಬೇಕು ಎಂದು ಶಾಲೆಯ ಮೇಷ್ಟ್ರಿಂದ ಕಲಿತು ಬಂದಿದ್ದಳು. ಗಂಟು ಮಾತ್ರ ತನ್ನದೇ. ಹಿಂದಿನ ಸಂಜೆ ನಾವಿಬ್ಬರೂ ಕೂತು ಚೆಂಡುಹೂ ಬಿಡಿಸಿ, ಬಾಡದಿರಲೆಂದು ದೊಡ್ಡಿಯ ತಂಪಿನಲ್ಲಿ ಕುಕ್ಕೆಯಲ್ಲಿ ಇಟ್ಟೆವು. ಬೆಳಿಗ್ಗೆ ಆ ಎಸಳಿಗೆಲ್ಲ ಕುರಿವಾಸನೆ ಹತ್ತಿತ್ತು. "ಇರ್ಲಿ ಬುಡು, ನಮ್ಮನೆ ವಾಸ್ನೆನೂ ಒಸಿ ಮ್ಯಾಲಕ್ಕೋಗ್ಲಿ" ಎಂದು ನಕ್ಕಳು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಊರೆಲ್ಲ ಸೇರಿತ್ತು. ದೊಡ್ಡವ್ವ ತಾನೇ ಬಾವುಟ ಕಟ್ಟಿ ಮೇಲೇರಿಸಿ, ಸೆರಗು ಸರಿಮಾಡಿಕೊಂಡು ಹಗ್ಗಕ್ಕೆ ಎಡಗೈ ಹಾಕಿದಳು. ಅಷ್ಟರಲ್ಲಿ ಯಜಮಾನರು ಮುಂದೆ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಎಡಗೈಲಿ ಬಾವುಟ ಆರಿಸ್ತಾರೇನಮ್ಮಿ ಒಂಬಾಳಿ? ಅಗ್ಗ ಇತ್ಲಾಗ್ ಕೊಡು. ನೀ ತಟ್ಟೆ ಇಡ್ಕೊ." ಕೊಡು ಎಂದದ್ದು ಬಾಯಿಮಾತಿಗೆ, ಹಗ್ಗ ಆಗಲೇ ಅವರ ಕೈಯಲ್ಲಿತ್ತು. ಯಾರೋ ಅವಳ ಕೈಗೆ ತೆಂಗಿನಕಾಯಿ ಕರ್ಪೂರದ ತಟ್ಟೆ ತುರುಕಿದರು. ಯಜಮಾನರು ಠೀವಿಯಿಂದ ಬಲಗಡೆಯ ಹಗ್ಗ ಎಳೆದರು. ಬಾವುಟ ಬಿಚ್ಚಲಿಲ್ಲ. ಇನ್ನೊಮ್ಮೆ ಎಳೆದರು, ಜಗ್ಗಿದರು, ಬೆವೆತರು. ರಾಷ್ಟ್ರಗೀತೆಗೆಂದು ಎದೆ ಉಬ್ಬಿಸಿ ನಿಂತಿದ್ದ ನಾವು ಮಕ್ಕಳು ಉಸಿರು ಹಿಡಿದುಕೊಂಡೇ ನಿಂತಿದ್ದೆವು. ಕೊನೆಗೆ ಸೋತು, "ಬಂದು ಬಿಚ್ಚಮ್ಮಿ" ಎಂದರು. ದೊಡ್ಡವ್ವ ತಟ್ಟೆ ಹಿಡಿದುಕೊಂಡೇ ಹೇಳಿದಳು. "ಎಳ್ದೋರೇ ಬಿಚ್ಲಿ, ಸ್ವಾಮಿ." ಬಾವುಟ ಕೆಳಗಿಳಿಯಿತು. ಮೇಷ್ಟ್ರು ಹಲ್ಲು ಹಾಕಿ ಗಂಟು ಸಡಿಲಿಸಿ ಮತ್ತೆ ಏರಿಸಿದರು. ಯಜಮಾನರು ಮತ್ತೆ ಎಳೆದಾಗ ಎಸಳೆಲ್ಲ ಉದುರುವ ಬದಲು ಮುದ್ದೆಯಾಗಿ ಅವರ ಬೋಳುತಲೆಯ ಮೇಲೆ ಬಿತ್ತು. ಮೊದಲು ನಕ್ಕವಳು ನಾನು. ಆಮೇಲೆ ಊರೇ ನಕ್ಕಿತು.

ಆ ನಗುವನ್ನು ಅವರು ಬಡ್ಡಿ ಸಮೇತ ವಸೂಲು ಮಾಡಿದರು. ಸದಸ್ಯರನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಮುತ್ತತ್ತಿಗೆ ಹೋಗಿ, ಹೊಳೆಯಲ್ಲಿ ಮುಳುಗಿಸಿ, ಆಂಜನೇಯನ ಮುಂದೆ ಕರ್ಪೂರ ಮುಟ್ಟಿಸಿ ಆಣೆ ಮಾಡಿಸಿದರು. ಅವರಲ್ಲಿ ಇಬ್ಬರು ನಮ್ಮ ಒಲೆಯ ಮುಂದೆ ಕೂತು ಉಂಡವರು. ಉಂಡ ಮನೆಯ ಜಂತೆ ಎಣಿಸುವುದೆಂದರೆ ಏನೆಂದು ನಾನು ಕಲಿತದ್ದು ಆಗಲೇ. ಅವಿಶ್ವಾಸಕ್ಕೆ ಎಲ್ಲರ ಕೈ ಮೇಲೆದ್ದಿತು, ದೊಡ್ಡವ್ವನ ಕುರ್ಚಿ ಹೋಯಿತು. ಅವಳು ಅಳಲಿಲ್ಲ. ಅಂದಿನಿಂದ ದಿನಾ ಸಂಜೆ ನನ್ನನ್ನು ದೊಡ್ಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಬಲಗೈಯವಳಾದ ನನಗೆ ಎಡಗೈ ಗಂಟು ಕಲಿಸಿದಳು. ತಪ್ಪಿದರೆ ಬೆರಳಿನ ಮೇಲೆ ಒಂದು ಬೀಳುತ್ತಿತ್ತು. "ಮರ್ತ್‌ಬುಡು ಅನ್ನೋರು ಬತ್ತಾರೆ. ಮರೀಬ್ಯಾಡ" ಎನ್ನುತ್ತಿದ್ದಳು. ನಾನು ಮರೆಯಲಿಲ್ಲ. ಅವಳು ಹೋದಳು, ಕುರಿಗಳು ಹೋದವು, ಒಂದು ಮಳೆಗಾಲದಲ್ಲಿ ಮನೆಯೂ ಕೂತುಬಿಟ್ಟಿತು. ಯಜಮಾನರು ಮಾತ್ರ ಉಳಿದರು. ಅವರಿಗೆ ಕಾಯಿಲೆಯೆಂದು ಸುದ್ದಿ ಬಂದಾಗಲೆಲ್ಲ, ದೇವರೇ, ಇನ್ನೂ ಸ್ವಲ್ಪ ಆಯಸ್ಸು ಕೊಡು, ಈ ಲೆಕ್ಕ ತೀರುವ ಮುಂಚೆ ಸಾಯಿಸಬೇಡ ಎಂದು ಬೇಡಿಕೊಂಡವಳು ಊರಿನಲ್ಲಿ ನಾನೊಬ್ಬಳೇ ಇರಬೇಕು.

ಇವತ್ತು ಬೆಳಿಗ್ಗೆ ಅವರ ಮಗ ನಂಜುಂಡ ಬೈಕಿನಲ್ಲಿ ಬಂದ. ಸದಸ್ಯರಲ್ಲಿ ಹೆಚ್ಚಿನವರನ್ನು ಮತ್ತೆ ಮುತ್ತತ್ತಿಯಲ್ಲೇ ಇಟ್ಟಿದ್ದಾರೆ. ನಾಳೆ ಅವರು ಬರದಿದ್ದರೆ ಚುನಾವಣೆ ಮುಂದಕ್ಕೆ ಹೋಗುತ್ತದೆ, ಮುಂದಿನ ವಾರದ ಸ್ವಾತಂತ್ರ್ಯ ದಿನದ ಬಾವುಟ ನನ್ನ ಕೈ ತಪ್ಪುತ್ತದೆ. "ಎಲ್ರುನೂ ಕರ್ಸ್ತೀನಿ ಕಣವ್ವ. ಒಂದೇ ಮಾತು. ಆ ದಿನ ಬಾವುಟ ಅಪ್ಪಯ್ಯನ ಕೈಲಿ ಆರಿಸ್ಬೇಕು. ವಯಸ್ಸಾಯ್ತು, ಅದೊಂದೇ ಕೊನೇ ಆಸೆ ಅಂತೌರೆ" ಎಂದ. ಕೈಯಲ್ಲಿದ್ದ ಹೂವನ್ನು ಬುಟ್ಟಿಗೆ ಹಾಕಿ ಹೇಳಿದೆ. "ಆಯ್ತು ಕಣಣ್ಣ. ಆರಿಸ್ಲಿ. ಬಾವುಟ ಕಟ್ಟೋದು ಮಾತ್ರ ನಾನೇ. ನಮ್ಮ ದೊಡ್ಡವ್ವ ಕಟ್ತಿದ್ದಂಗೆ ಕಟ್ತೀನಿ ಅಂತ ಏಳು." ಇಷ್ಟೇನಾ ಎಂದು ಅವನು ಖುಷಿಯಿಂದಲೇ ಹೋದ. ದೊಡ್ಡವ್ವನ ಗಂಟು ಅವನ ಅಪ್ಪನ ಕೈಗೆ ಬಿಚ್ಚದ ದಿನ ಅವನಿನ್ನೂ ಹುಟ್ಟಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದ. ಮುಖ ಸಪ್ಪಗಿತ್ತು. "ಅಪ್ಪಯ್ಯ ಒಲ್ಲೆ ಅಂದ್ಬುಟ್ರು. ಎಲ್ರುನೂ ಕರ್ಸ್‌ಬುಡು, ಅವಳೇ ಆರಿಸ್ಲಿ ಅಂದು ಗ್ವಾಡೆ ಕಡೆ ತಿರೀಕಂಡು ಮಲಗವ್ರೆ. ವ್ಯಾನು ಒಂಟದೆ. ಅದೇನವ್ವ ಅಂತಾ ಗಂಟು?" ಅದನ್ನು ಅವನ ಅಪ್ಪನೇ ಹೇಳಲಿ. "ಅವ್ರನ್ನ ಆ ದಿನ ಕರ್ಕಬಾ ನಂಜುಂಡಣ್ಣ. ಮುಂದಿನ ಸಾಲ್ನಲ್ಲಿ ಕುರ್ಚಿ ಆಕ್ಸಿರ್ತೀನಿ. ತಪ್ಪಿಸ್ಬ್ಯಾಡ" ಎಂದೆ. ಅವನು ತಲೆಯಾಡಿಸಿ ಹೋದ.

ಈಗ ಜಗಲಿಯಲ್ಲಿ ನಾನು, ಹೂವಿನ ರಾಶಿ. ಮುಂದಿನ ವಾರಕ್ಕೆ ಕೈ ಪಳಗಲಿ ಎಂದು ಒಂದು ಟವೆಲಿನಲ್ಲಿ ಎಸಳು ತುಂಬಿ, ಜಗಲಿಯ ಕಂಬಿಗೆ ಹಗ್ಗ ಬಿಗಿದು ಎಡಗೈಯಲ್ಲಿ ಗಂಟು ಹಾಕಿದೆ. ಎಡಗಡೆಯ ಎಳೆ ಹಿಡಿದು ಮೆಲ್ಲಗೆ ಎಳೆದೆ. ಸಲೀಸಾಗಿ ಬಿಚ್ಚಿಕೊಂಡಿತು. ಎಸಳೆಲ್ಲ ನನ್ನ ತಲೆಯ ಮೇಲೆ, ಭುಜದ ಮೇಲೆ, ದೊಡ್ಡವ್ವನ ಮನೆ ಇದ್ದ ನೆಲದ ಮೇಲೆ ಉದುರಿದವು. ಗಂಟು ಸರಿಯಾಗಿತ್ತು. ಸರಿಯಾಗಿದೆ ಎಂದು ಹೇಳುವವರು ಯಾರೂ ಇರಲಿಲ್ಲ.