ಬಾಗಿಲ ಪಕ್ಕದ ಎಲೆ

ನಮ್ಮ ಮೇಷ್ಟ್ರು ನಡೆಯುವಾಗ ಸ್ವಲ್ಪ ಮುಂದಕ್ಕೆ ಬಾಗಿರುತ್ತಿದ್ದರು. ಬಲಗೈ ಕೋಟಿನೊಳಗೆ, ಹೊಟ್ಟೆಯ ಕೆಳಗೆ ಬಲಗಡೆ ಇರುತ್ತಿತ್ತು. ಬೆಕ್ಕಿನ ಮರಿಯೊಂದನ್ನು ಅಲ್ಲಿ ಬಚ್ಚಿಟ್ಟುಕೊಂಡು, ಅದು ಕೂಗದಿರಲಿ ಎಂದು ಅದುಮಿ ಹಿಡಿದ ಹಾಗೆ. "ವಿನಯದ ಭಾರಕ್ಕೆ ಬಾಗಿದ ದೇಹ ಅದು" ಎಂದು ಹೋದ ತಿಂಗಳು ಶ್ರದ್ಧಾಂಜಲಿ ಸಭೆಯಲ್ಲಿ ನಮ್ಮ ಹೆಡ್‌ಮಾಸ್ಟರರು ಹೇಳಿದರು. ಸಭೆ ತಲೆದೂಗಿತು. ಊಟದ ಸಾಲಿನಲ್ಲಿ ಮೇಷ್ಟ್ರು ಯಾವಾಗಲೂ ಕೊನೆಯ ಎಲೆಗೆ ಕೂರುತ್ತಿದ್ದರಂತೆ, ಸಭೆಗಳಲ್ಲಿ ಹಿಂದಿನ ಬೆಂಚಿಗೆ, ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟಿಗೆ. ಅಷ್ಟು ದೊಡ್ಡ ಮನುಷ್ಯ ಎಷ್ಟು ಸಣ್ಣ ಜಾಗ ಕೇಳಿದರು ನೋಡಿ ಎಂದು ಒಬ್ಬರಾದ ಮೇಲೊಬ್ಬರು ಎದ್ದು ಕೊಂಡಾಡಿದರು.

ಸಂಗತಿಗಳನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ಮೇಷ್ಟ್ರಿಗೆ ವಿನಯ ಇರಲಿಲ್ಲ. ಇದ್ದದ್ದು ಕರುಳಿನ ಕಾಯಿಲೆ. ಕೊನೆಯ ಎಲೆಯಿಂದ ಹಿತ್ತಲ ಬಾಗಿಲು ಹತ್ತಿರ, ಅಷ್ಟೇ. ಇದನ್ನು ನಾನೇನೂ ಪತ್ತೆ ಮಾಡಿದ್ದಲ್ಲ. ಅವರೇ ಎಲ್ಲರಿಗೂ ಹೇಳಿದ್ದರು, ಅದೂ ಗಟ್ಟಿಯಾಗಿ.

ಆಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಹೈಸ್ಕೂಲಿನ ಕಾಂಪೌಂಡಿನ ಆಚೆ ಯಾರದೋ ರಾಗಿ ಹೊಲ ಇನ್ನೂ ಉಳಿದಿತ್ತು. ಮೇಷ್ಟ್ರು ನಮಗೆ ಚರಿತ್ರೆ ಹೇಳುತ್ತಿದ್ದರು. ನಡುವೆ ಒಮ್ಮೆ ತಿಂಗಳುಗಟ್ಟಲೆ ಕಾಣೆಯಾದರು. ಕರುಳಿಗೆ ಕ್ಷಯ ಹತ್ತಿದೆ ಎಂದು ಸುದ್ದಿ. ಕ್ಷಯಕ್ಕೆ ಕೊಡುವ ಇಂಜೆಕ್ಷನ್ನುಗಳನ್ನೆಲ್ಲ ಚುಚ್ಚಿಸಿಕೊಂಡರು, ಜ್ವರ ಬಿಡಲಿಲ್ಲ, ಭೇದಿ ನಿಲ್ಲಲಿಲ್ಲ. ಕೊನೆಗೆ ಕರುಳಿನ ದಾರಿಯೇ ಕಟ್ಟಿಹೋಗಿ, ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದರು. ಇಂಗ್ಲೆಂಡಿನಲ್ಲಿ ಓದಿ ಬಂದಿದ್ದ ಸರ್ಜನ್ ಒಬ್ಬರು ಕತ್ತರಿಸಿದ ತುಂಡನ್ನು ಪರೀಕ್ಷೆ ಮಾಡಿಸಿ, ಇದು ಕ್ಷಯವಲ್ಲ, ಕ್ರೋನ್ಸ್ ಎನ್ನುವ ಬೇರೆಯೇ ಕಾಯಿಲೆ, ಪೂರ್ತಿ ವಾಸಿಯಾಗುವುದಿಲ್ಲ, ಜೊತೆಯಲ್ಲಿಟ್ಟುಕೊಂಡೇ ಬಾಳಬೇಕು ಎಂದರು.

ನಮ್ಮಮ್ಮ ನಂಬಲಿಲ್ಲ. "ಕ್ಷಯಾನೇ ಅದು. ಮುಚ್ಚಿಡೋಕೆ ಇಂಗ್ಲಿಷ್ ಹೆಸರಿಟ್ಟಿದ್ದಾರೆ. ನೀನು ಹಿಂದಿನ ಬೆಂಚಲ್ಲಿ ಕೂತ್ಕೊ."

ಹಿಂದಿನ ಬೆಂಚಿನಿಂದಲೇ ನಾನು ಅವರು ಮರಳಿ ಬಂದ ದಿನವನ್ನು ನೋಡಿದೆ. ಕೋಟು ಎರಡು ಅಳತೆ ದೊಡ್ಡದಾಗಿತ್ತು. ಹಾಜರಿ ಕೂಗದೆ, ಕದನಗಳ ನಕ್ಷೆ ಬರೆಯುತ್ತಿದ್ದ ಸೀಮೆಸುಣ್ಣದಲ್ಲೇ ಬೋರ್ಡಿನ ತುಂಬ ಸುತ್ತಿಸುತ್ತಿ ಏನನ್ನೋ ಬರೆದರು.

"ಇದು ನನ್ನ ಕರುಳು. ಇಲ್ಲಿ ಸಣ್ಣ ಕರುಳು ಮುಗಿಯುತ್ತೆ, ಇಲ್ಲಿ ದೊಡ್ಡದು ಶುರು. ಈ ಮೂಲೇಲಿ ಹುಣ್ಣಾಗಿ, ಊದ್ಕೊಂಡು, ದಾರಿ ಕಟ್ಟಿತ್ತು. ಅಷ್ಟನ್ನ ಕತ್ತರಿಸಿದ್ದಾರೆ. ಮತ್ತೆ ಬರಬಹುದು ಅಂತಾರೆ. ಕ್ಷಯ ಅಲ್ಲ, ನಿಮಗ್ಯಾರಿಗೂ ಅಂಟಲ್ಲ. ಹೆಸರು ಕ್ರೋನ್ಸ್. ಅಮೆರಿಕದ ಯಾರೋ ಡಾಕ್ಟರ ಹೆಸರಂತೆ. ಕರುಳು ನನ್ನದು, ಹೆಸರು ಅವರದು."

ಹುಡುಗರು ಕಿಸಕ್ಕೆಂದರು.

"ನಗಿ, ನಗಿ. ಇವತ್ತೇ ನಕ್ಕು ಮುಗಿಸಿಬಿಡಿ. ಪಾಠದ ಮಧ್ಯೆ ನಾನು ಎದ್ದು ಓಡ್ತೀನಿ. ಆಗ ನಗೋದಕ್ಕೆ ಏನೂ ಉಳಿದಿರಬಾರದು."

ಆಮೇಲೆ ಒಂದು ನಿಯಮ ಹೇಳಿದರು. ಅವರು ಹೊರಗೆ ಹೋದ ತಕ್ಷಣ ತರಗತಿಯಲ್ಲಿ ಒಬ್ಬರು ಎದ್ದು ನಿಂತು, ಮೇಷ್ಟ್ರು ಅಲ್ಲಿಯವರೆಗೆ ಹೇಳಿದ್ದು ತಪ್ಪು ಎಂದು ಸಾಧಿಸಬೇಕು. ಅವರು ತಿರುಗಿ ಬರುವವರೆಗೂ ಬಾಯಿ ನಿಲ್ಲಿಸಬಾರದು. ಬಂದವರು, "ಎಲ್ಲಿಗೆ ಬಂತು?" ಎಂದು ಕೇಳಿ, ಬೆಂಚಿನ ತುದಿಗೆ ಕೂತು ಪೂರ್ತಿ ಕೇಳಿಸಿಕೊಂಡು, ಉತ್ತರ ಕೊಡುತ್ತಿದ್ದರು. ನಾನು ಹಿಂದಿನ ಬೆಂಚಿನಿಂದ ಮುಂದಕ್ಕೆ ಬಂದದ್ದು ಹೀಗೆ. ಇವತ್ತು ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ನನಗೆ ಬಂದಿರುವ ಕಪ್ಪುಗಳು ನಮ್ಮ ಮನೆಯ ಶೋಕೇಸಿನಲ್ಲಿವೆ. ಅವೆಲ್ಲ ಮೇಷ್ಟ್ರು ಕಕ್ಕಸಿನಲ್ಲಿ ಕಳೆದ ಹೊತ್ತಿನಲ್ಲಿ ಗಳಿಸಿದವು ಎಂದರೆ ಅಮ್ಮ ಮುಖ ತಿರುಗಿಸುತ್ತಾಳೆ.

ಆ ಕಕ್ಕಸಿಗೂ ಒಂದು ಕತೆಯಿದೆ. ಶಿಕ್ಷಕರ ಕಕ್ಕಸಿಗೆ ಬೀಗ. ಬೀಗದ ಕೈ ಹೆಡ್‌ಮಾಸ್ಟರರ ಕೋಣೆಯ ಗೋಡೆಯ ಮೊಳೆಯಲ್ಲಿ. ಬೇಕಾದವರು ಹೋಗಿ, ಅವರು ಫೈಲಿನಿಂದ ತಲೆ ಎತ್ತುವವರೆಗೂ ನಿಂತು, ಕೇಳಿ ತೆಗೆದುಕೊಳ್ಳಬೇಕು.

"ಕೇಳಿದಾಗ ಕೊಡ್ತೀನಲ್ಲ ಮೇಷ್ಟ್ರೇ" ಎಂದರಂತೆ ಹೆಡ್‌ಮಾಸ್ಟರರು.

"ಕೇಳೋಷ್ಟು ಪುರಸೊತ್ತು ಅದು ಕೊಡಲ್ಲ ಸಾರ್."

ಒಂದು ದಿನ ಬೀಗದ ಕೈ ತೆಗೆದುಕೊಂಡ ಮೇಷ್ಟ್ರು ಮತ್ತೆ ಮೊಳೆಗೆ ಹಾಕಲಿಲ್ಲ, ಉಡಿದಾರಕ್ಕೆ ಕಟ್ಟಿಕೊಂಡರು. ಮಿಕ್ಕ ಶಿಕ್ಷಕರು ಇವರನ್ನು ಕೇಳಬೇಕಾಯಿತು. ಇವರು ಯಾರನ್ನೂ ನಿಲ್ಲಿಸಿ ಕಾಯಿಸಲಿಲ್ಲ.

ಹೆಡ್‌ಮಾಸ್ಟರರು ಕೆಟ್ಟವರು ಎಂದು ನಾನು ವಾದಿಸುತ್ತಿಲ್ಲ. ಆಡಳಿತ ಸಮಿತಿ ಮೇಷ್ಟ್ರನ್ನು ಮನೆಗೆ ಕಳಿಸಲು ನೋಡುತ್ತಿತ್ತು, ಒಂದು ದೂರು ಬರಲಿ ಎಂದು ಕಾಯುತ್ತಿತ್ತು. ಅದನ್ನು ತಡೆದು ಹಿಡಿದವರು ಇವರೇ. ಆದರೆ ಅವರ ದಾರಿ ಒಂದೇ. "ಹೊಟ್ಟೆನೋವು ಅಂದ್ಬಿಡಿ ಮೇಷ್ಟ್ರೇ, ಸಾಕು. ಇದನ್ನೆಲ್ಲ ಯಾಕೆ ಬಿಡಿಸಿ ಹೇಳ್ತೀರಿ?" ಎನ್ನುತ್ತಿದ್ದರು.

ಸ್ಕೂಲ್ ಇನ್ಸ್‌ಪೆಕ್ಟರು ಬಂದ ದಿನ ಅಶೋಕನ ಪಾಠ. ಕಳಿಂಗ ಯುದ್ಧವಾದ ಮೇಲೆ ಅವನು ಕರುಣೆಯಿಂದ ಕತ್ತಿ ಬಿಟ್ಟ ಎನ್ನುವಲ್ಲಿಗೆ ಮೇಷ್ಟ್ರ ಮುಖ ಬೂದಿ ಬಣ್ಣವಾಯಿತು. ಇನ್ಸ್‌ಪೆಕ್ಟರಿಗೆ ಕೈಮುಗಿದು ಹೊರಟುಹೋದರು. ಅವರ ಜೊತೆ ಬಂದಿದ್ದ ಹೆಡ್‌ಮಾಸ್ಟರರು ಕೆಮ್ಮಿದರು. ಆ ದಿನದ ಸರದಿ ನನ್ನದು, ಎದ್ದು ನಿಂತೆ. ಗೆಲ್ಲಬೇಕಾದದ್ದನ್ನೆಲ್ಲ ಗೆದ್ದ ಮೇಲೆ ಕತ್ತಿ ಬಿಡುವುದು ಕರುಣೆ ಹೇಗಾಗುತ್ತದೆ, ಕಳಿಂಗವನ್ನು ಅವನು ವಾಪಸ್ಸು ಕೊಟ್ಟನೇ ಎಂದು ಶುರು ಮಾಡಿದೆ.

"ನಿಲ್ಸಮ್ಮ" ಎಂದರು ಇನ್ಸ್‌ಪೆಕ್ಟರು. "ಯಾರು ಹೇಳಿಕೊಟ್ಟಿದ್ದು ಇದನ್ನ?"

"ಯಾರೂ ಇಲ್ಲ ಸಾರ್. ಮೇಷ್ಟ್ರು ಹೊರಗೆ ಹೋದ್ರೆ ಅವರು ಹೇಳಿದ್ದು ತಪ್ಪು ಅಂತ ಸಾಧಿಸ್ಬೇಕು. ಅದು ರೂಲು."

"ಎಲ್ಲಿಗೆ ಹೋದ್ರು ಅವರು?"

"ಕಕ್ಕಸಿಗೆ ಸಾರ್. ಅವರಿಗೆ ಕ್ರೋನ್ಸ್ ಇದೆ."

ಹೆಡ್‌ಮಾಸ್ಟರರು ಕಿಟಕಿಯ ಹೊರಗೆ ರಾಗಿ ಹೊಲ ನೋಡಿದರು. ಮೇಷ್ಟ್ರು ಮುಖ ಒರೆಸಿಕೊಂಡು ಒಳಗೆ ಬಂದು, "ಎಲ್ಲಿಗೆ ಬಂತು?" ಎಂದರು.

"ಕಳಿಂಗ ವಾಪಸ್ಸು ಕೊಟ್ನಾ ಅನ್ನೋ ಕಡೆಗೆ" ಎಂದವರು ಇನ್ಸ್‌ಪೆಕ್ಟರು. "ಯಾವುದು ಸರಿ ಅಂತ ಕೊನೇಲಿ ಹೇಳ್ತೀರೋ ಇಲ್ವೋ?"

"ಇಲ್ಲ ಸಾರ್. ಹೇಳಿಬಿಟ್ರೆ ನಾಳೆ ನಾನು ಎದ್ದು ಹೋದಾಗ ಇವರು ಸುಮ್ನೆ ಕೂತಿರ್ತಾರೆ."

ಶಿಸ್ತು ಸಾಲದು ಎಂದು ಇನ್ಸ್‌ಪೆಕ್ಟರು ಬರೆದು ಹೋದರಂತೆ. ಕಾಯಿಲೆಯ ಬಗ್ಗೆ ದೂರು ಮಾತ್ರ ಬರೆಯಲಿಲ್ಲ. ಮೇಷ್ಟ್ರ ಕೆಲಸ ಉಳಿಯಿತು.

ಭಾನುವಾರ ಅವರ ಮನೆಗೆ ಚರ್ಚೆ ಕಲಿಯಲು ಹೋಗುತ್ತಿದ್ದೆವು. ಕಾಯಿಲೆಯನ್ನೂ ಅವರು ಎದುರು ಪಕ್ಷದ ಭಾಷಣಕಾರನ ಹಾಗೇ ನೋಡುತ್ತಿದ್ದರು. ಒಂದು ವಾರ ಹುರುಳಿಕಾಯಿ ತಿಂದು ನೋಡುವುದು, ಇನ್ನೊಂದು ವಾರ ಸೀಬೆಹಣ್ಣು. ಹುರುಳಿಕಾಯಿ ಉಳಿಯಿತು, ಸೀಬೆ ಮನೆಯಿಂದಲೇ ಹೊರಗೆ ಹೋಯಿತು. ಎರಡನ್ನೂ ಒಟ್ಟಿಗೆ ಮುಟ್ಟುತ್ತಿರಲಿಲ್ಲ. "ಒಟ್ಟಿಗೆ ತಿಂದ್ರೆ ಅಪವಾದ ಯಾರ ಮೇಲೆ ಹೊರಿಸ್ಲಿ?" ಸರ್ಜನ್ ಕೊಟ್ಟ ಮಾತ್ರೆಯಿಂದ ಕೆನ್ನೆ ಊದಿಕೊಂಡಾಗ ಬೀದಿಯವರು ಮೇಷ್ಟ್ರು ಮದುಮಗನ ಹಾಗೆ ತುಂಬಿಕೊಂಡಿದ್ದಾರೆ ಎಂದರು. "ಈ ಮುಖ ಮಾತ್ರೇದು, ಬಾಡಿಗೆಗೆ ಬಂದಿದೆ" ಎನ್ನುತ್ತಿದ್ದರು.

ಪಕ್ಕದ ಮನೆಯ ರಾಯರು ಒಮ್ಮೆ ಹಾಗಲಕಾಯಿ ರಸದ ಲೋಟ ಹಿಡಿದೇ ಬಂದರು. "ಬರಿ ಹೊಟ್ಟೇಲಿ ಕುಡೀರಿ ಮೇಷ್ಟ್ರೇ. ನಮ್ಮ ಷಡ್ಡಕನ ಚಿಕ್ಕಪ್ಪನಿಗೆ ಪೂರ್ತಿ ವಾಸಿಯಾಯ್ತು."

"ಅವರಿಗೆ ಏನಾಗಿತ್ತು?"

"ಮೂಲವ್ಯಾಧಿ."

"ಅಲ್ಲೇ ಇಟ್ಟಿರಿ. ನನಗೆ ಅದು ಬಂದಾಗ ಬಂದು ಕುಡೀತೀನಿ."

ಮೇಷ್ಟ್ರ ಹೆಂಡತಿ ಒಳಗಿನಿಂದ ನಕ್ಕದ್ದು ನಮಗೆಲ್ಲ ಕೇಳಿಸಿತು. ನಗು ಇಲ್ಲದ ಭಾನುವಾರಗಳೂ ಇದ್ದವು. ಆಗ ಆಕೆ ಬಾಗಿಲಲ್ಲೇ ನಿಂತು, "ಇವತ್ತು ಬೇಡಮ್ಮ" ಎನ್ನುತ್ತಿದ್ದರು. ನಡುಮನೆಯ ಚಾಪೆಯ ಮೇಲೆ ಮಂಡಿ ಎದೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದ ಬೆನ್ನು ಕಾಣುತ್ತಿತ್ತು. ನಲ್ಲಿಯಲ್ಲಿ ನೀರು ನಿಂತ ದಿನಗಳಲ್ಲಿ ಆಕೆ ಬೀದಿಯ ಬಾವಿಯಿಂದ ಹಿತ್ತಲಿಗೆ ಕೊಡದ ಮೇಲೆ ಕೊಡ ಹೊರುತ್ತಿದ್ದರು.

ಇನ್ನು ಮದುವೆಯ ವಿಷಯ. ವಿನಯದ ಕತೆ ಹುಟ್ಟಿದ್ದು ಅಲ್ಲಿ.

ಹೆಡ್‌ಮಾಸ್ಟರರ ಮಗಳ ಮದುವೆ, ಬಸವನಗುಡಿಯ ಛತ್ರ. ಮೇಷ್ಟ್ರು ಎಂದಿನಂತೆ ಹಿತ್ತಲ ಬಾಗಿಲ ಪಕ್ಕದ ಕೊನೆಯ ಎಲೆಗೆ ಕೂತರು. ನಾನು ಎದುರು ಸಾಲಿನ ನಡುವೆ ಕೂತಿದ್ದೆ. ಹೆಡ್‌ಮಾಸ್ಟರರು ನೋಡಿ ಓಡಿ ಬಂದರು.

"ಛೆ ಛೆ, ಇಲ್ಲಿ ಯಾಕೆ ಮೇಷ್ಟ್ರೇ? ಏಳಿ, ಮೊದಲನೇ ಎಲೆ ನಿಮಗೇ ಅಂತ ಇಟ್ಟಿದ್ದೀನಿ."

"ಬೇಡ ಸಾರ್. ನನ್ನ ಕರುಳಿಗೆ ಬಾಗಿಲು ಹತ್ತಿರ ಬೇಕು. ಮಧ್ಯೆ ಏಳಬೇಕಾಗುತ್ತೆ."

ಇದನ್ನು ಅವರು ಪಿಸುಗುಟ್ಟಲಿಲ್ಲ. ಪಲ್ಯ ಬಡಿಸುತ್ತಿದ್ದವನು ಕೂಡ ತಿರುಗಿ ನೋಡಿದ. ಹೆಡ್‌ಮಾಸ್ಟರರು ಬೀಗರ ಕಡೆ ನೋಡಿ ನಕ್ಕು, ಮೇಷ್ಟ್ರ ರಟ್ಟೆ ಹಿಡಿದು ಎಬ್ಬಿಸಿ, ಸಾಲಿನ ಉದ್ದಕ್ಕೂ ನಡೆಸಿಕೊಂಡು ಹೋಗಿ ಮೊದಲನೇ ಎಲೆಗೆ ಕೂರಿಸಿದರು.

ಮೊದಲನೇ ಎಲೆಯ ಹಿರಿಯರು ಏಳುವವರೆಗೆ ಸಾಲಿನಲ್ಲಿ ಯಾರೂ ಏಳುವ ಹಾಗಿಲ್ಲ. ಅವರು ಎದ್ದರೆ ಊಟ ಮುಗಿಯಿತೆಂದೇ ಅರ್ಥ. ಸಾರು ಅನ್ನ ಕಲಸುವ ಹೊತ್ತಿಗೆ ಮೇಷ್ಟ್ರ ಕೈ ಕೋಟಿನೊಳಗೆ ಹೋಯಿತು. ತುಸು ಹೊತ್ತು ಹಾಗೇ ಕೂತಿದ್ದರು. ಹಣೆಯ ಮೇಲೆ ಬೆವರು ನನಗೆ ಕಾಣುತ್ತಿತ್ತು. ಆಮೇಲೆ ಎದ್ದರು. ಅವರು ಎದ್ದದ್ದನ್ನು ನೋಡಿ ಪಕ್ಕದ ಮುದುಕರು ಎದ್ದರು, ಅವರ ಪಕ್ಕದವರೂ ಎದ್ದರು. ಹೋಳಿಗೆಯ ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಬೀಗರ ಕಡೆಯ ಸಾಲು ಅರ್ಧ ಹೊಟ್ಟೆಯಲ್ಲಿ ಕೈತೊಳೆಯಲು ಹೊರಟಿತು. "ಏನಿದು ಅವಮಾನ" ಎಂದು ಯಾರೋ ಗದರಿದರು.

ಆಗ ಹೆಡ್‌ಮಾಸ್ಟರರು ಎರಡೂ ಕೈ ಎತ್ತಿ ಹೇಳಿದರು: "ದಯವಿಟ್ಟು ಕೂತ್ಕೊಳಿ. ನಮ್ಮ ಮೇಷ್ಟ್ರು ತುಂಬ ವಿನಯವಂತರು. ಮೊದಲನೇ ಎಲೇಲಿ ಕೂರೋಕೆ ಅವರ ಮನಸ್ಸು ಒಪ್ಪಲಿಲ್ಲ, ಅಷ್ಟೇ."

ಕೂಡಲೇ ಗದರಿದವರೇ "ಓಹೋ, ಎಂಥಾ ಸಜ್ಜನರು" ಎಂದು ಕೂತರು. ಹೋಳಿಗೆ ಬಂತು. ಮೇಷ್ಟ್ರು ಹಿತ್ತಲಿನಿಂದ ಮರಳಿ ಬರುವಷ್ಟರಲ್ಲಿ ಅವರು ಸಂತರಾಗಿಬಿಟ್ಟಿದ್ದರು.

ಮಾರನೆಯ ದಿನ ತರಗತಿಯಲ್ಲಿ ಅವರಿಗೆ ಬಂದಷ್ಟು ಸಿಟ್ಟು ನಾನು ಮತ್ತೆಂದೂ ಕಂಡಿಲ್ಲ. "ನನಗೆ ಕಾಯಿಲೆ ಇದೆ ಅಂದ್ರೆ ಕೂತ್ಕೊಳಲ್ಲ, ವಿನಯ ಇದೆ ಅಂದ್ರೆ ಕೂತ್ಕೊಂಡು ಹೋಳಿಗೆ ತಿಂತಾರೆ. ನಾನು ಆ ಜಾಗಾನ ಬೇಡಿ ತಗೊಂಡಿಲ್ಲ, ಆರಿಸಿ ತಗೊಂಡಿದ್ದೀನಿ. ಈ ಹೊಟ್ಟೆ ಇಟ್ಕೊಂಡು ದಿನಾ ಬಟ್ಟೆ ತೊಟ್ಟು ಹೊರಗೆ ಬರೋದಕ್ಕೆ ಎಷ್ಟು ಅಹಂಕಾರ ಬೇಕು ಅಂತ ಇವರಿಗೇನು ಗೊತ್ತು?" ಆಮೇಲೆ ನನ್ನ ಕಡೆ ತಿರುಗಿದರು. "ಏನಮ್ಮ ವಕೀಲಮ್ಮ. ನಾನು ಹೋದಮೇಲೆ ಯಾರಾದ್ರೂ ವಿನಯ ಅಂದ್ರೆ ಎದ್ದು ನಿಲ್ಬೇಕು. ನಿಯಮ ಗೊತ್ತಲ್ಲ, ಮೇಷ್ಟ್ರು ಹೊರಗೆ ಹೋದಾಗ ಸುಮ್ನೆ ಕೂರೋ ಹಾಗಿಲ್ಲ."

ಈ ವರ್ಷ ಕರುಳು ಮತ್ತೆ ಕಟ್ಟಿತು. ಎರಡನೆಯ ಸಲ ಕೊಯ್ದಾಗ ದೇಹದಲ್ಲಿ ತಡೆಯುವ ಶಕ್ತಿ ಇರಲಿಲ್ಲ. ಆಸ್ಪತ್ರೆಗೆ ಹೋಗುವ ಹಿಂದಿನ ದಿನವೂ ಪಾಠ ಮಾಡಿದ್ದರು, ಮಧ್ಯೆ ಎದ್ದು ಹೋಗಿದ್ದರು, ಯಾರೋ ಹುಡುಗಿ ಎದ್ದು ಅವರ ಮಾತನ್ನು ಖಂಡಿಸಿದ್ದಳು.

ಶ್ರದ್ಧಾಂಜಲಿ ಸಭೆಯಲ್ಲಿ ನಾನು ಎದ್ದು ನಿಂತೆ. "ಸಾರ್, ಅದು ವಿನಯ ಅಲ್ಲ, ಕ್ರೋನ್ಸ್" ಎಂದೆ. ಬೋರ್ಡಿನ ಮೇಲಿನ ಚಿತ್ರದ ವಿಷಯ, ಬೀಗದ ಕೈ ವಿಷಯ ಶುರು ಮಾಡುವಷ್ಟರಲ್ಲಿ ಹೆಡ್‌ಮಾಸ್ಟರರು ಕೈಸನ್ನೆ ಮಾಡಿದರು.

"ಕೂತ್ಕೊಳಮ್ಮ. ಸಭೇಲಿ ಹೆಂಗಸರಿದ್ದಾರೆ, ಅದನ್ನೆಲ್ಲ ಆಡಬಾರದು."

ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರ ಹೆಂಡತಿ ತಲೆ ಎತ್ತದೆ ಹೇಳಿದರು. "ಆಡ್ಲಿ ಬಿಡಿ ಸಾರ್. ಆ ಹಿತ್ತಲಿಗೆ ನೀರು ಹೊತ್ತವಳೂ ಹೆಂಗಸೇ."

ನಾನು ಪೂರ್ತಿ ಹೇಳಿಯೇ ಕೂತೆ. ಯಾರೂ ತಲೆದೂಗಲಿಲ್ಲ. ಕೊನೆಯಲ್ಲಿ ವಂದನಾರ್ಪಣೆ ಮಾಡಿದವರು ಮತ್ತೆ "ವಿನಯಮೂರ್ತಿ" ಎಂದೇ ಮುಗಿಸಿದರು.

ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಬೀಗದ ಕೈ ಮತ್ತೆ ನಿಮ್ಮ ಕೋಣೆಯ ಮೊಳೆಗೆ ಹೋಗಿದೆ ಎಂದು ಕೇಳಿದೆ, ಹೆಡ್‌ಮಾಸ್ಟರ್ ಸಾರ್. ನಿಮ್ಮ ಮೇಲೆ ನನಗೆ ಗೌರವವಿದೆ, ಅವರ ಕೆಲಸ ಉಳಿಸಿದವರಲ್ಲಿ ನೀವೂ ಒಬ್ಬರು. ಆದರೆ ಒಂದು ಪ್ರಶ್ನೆಗೆ ನೀವು ಉತ್ತರ ಕೊಡಬೇಕು. ಛತ್ರದಲ್ಲಿ ಆ ಕೊನೆಯ ಎಲೆಯ ಹತ್ತಿರ, ರಟ್ಟೆ ಹಿಡಿಯುವ ಮೊದಲು, ಪಲ್ಯದವನಿಗೂ ಕೇಳುವ ಹಾಗೆ ಅವರು ಹೇಳಿದ್ದು ನಿಮಗೆ ಕೇಳಿಸಿತ್ತೇ, ಇಲ್ಲವೇ?