ಸೊಂಟ ಬಳುಕಿಸಿ ಹಳ್ಳ ದಾಟಿದ ಬಂಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲೊಕ್ಕನಹಳ್ಳಿಯ ಅಂಚಿನಲ್ಲಿರುವ ತಗಡಿನ ಶೆಡ್ಡಿನೊಳಗೆ ಚಿಕ್ಕಸಿದ್ದಯ್ಯ ಒಂದು ಬಂಡಿಯಡಿ ಅಂಗಾತ ಮಲಗಿದ್ದಾರೆ. ಹೊರಗೆ ಕಾಣುವುದು ಎರಡು ಕಾಲು ಮಾತ್ರ. ಆಗಾಗ ಒಂದು ಕೈ ಆಚೆ ಬಂದು ನೆಲ ತಡಕಿ, ಸ್ಪ್ಯಾನರ್ ಹಿಡಿದು ಒಳಗೆ ಹೋಗುತ್ತದೆ. "ಬೆಲ್ಟು ಥಂಡಿಗೆ ಬಿಗಿತದೆ, ಬಿಸ್ಲಿಗೆ ಸಡ್ಲ ಆಯ್ತದೆ. ಬೆಳುಗ್ಗೆನೇ ನೋಡ್ಕಬುಡ್ಬೇಕು ಸಾ," ಎಂಬ ದನಿ ಕಬ್ಬಿಣದ ಕೆಳಗಿನಿಂದ ಬರುತ್ತದೆ.

ಬಂಡಿ ಎಂದೆ, ಬೇರೆ ಹೆಸರು ನನಗೂ ತೋಚುತ್ತಿಲ್ಲ. ಇದರ ಚಕ್ರಗಳು ನೆಲ ಮುಟ್ಟುವುದೇ ಇಲ್ಲ. ಯುದ್ಧದ ಟ್ಯಾಂಕಿಗಿರುವಂತೆ ಎರಡೂ ಬದಿಗೆ ಸುತ್ತುವ ದಪ್ಪ ಪಟ್ಟಿಗಳಿವೆ. ಅದೂ ಸಾಲದೆಂಬಂತೆ ಬಂಡಿ ಎರಡು ತುಂಡಾಗಿದೆ. ಮುಂದಿನದರಲ್ಲಿ ಎಂಜಿನ್ನು, ಹಿಂದಿನದರಲ್ಲಿ ಸಾಮಾನು ಹೇರುವ ತೊಟ್ಟಿ, ನಡುವೆ ಒಂದು ಕೀಲು. ಟ್ರ್ಯಾಕ್ಟರಿನ ಟ್ರೈಲರು ಸುಮ್ಮನೆ ಎಳೆಸಿಕೊಂಡು ಹೋಗುತ್ತದೆ. ಇಲ್ಲಿ ಹಿಂದಿನ ತುಂಡಿನ ಪಟ್ಟಿಗಳೂ ತಿರುಗುತ್ತವೆ, ಮುಂದಿನದು ಸಿಕ್ಕಿಕೊಂಡರೆ ಹಿಂದಿನದು ನೂಕುತ್ತದೆ. ಪಕ್ಕಕ್ಕೆ ತಿರುಗಬೇಕಾದರೆ ಬಂಡಿ ಸೊಂಟದಲ್ಲೇ ಬಾಗುತ್ತದೆ.

ಇದಿಷ್ಟನ್ನೂ ಕಟ್ಟಿದವರು ಗೇಟು, ನೇಗಿಲು, ಕಿಟಕಿ ಕಂಬಿ ಬೆಸೆದು ಸಂಸಾರ ತೂಗಿಸುವ ಈ ಮನುಷ್ಯನೇ. ಎಂಜಿನ್ನು ಹಳೆಯ ಪವರ್ ಟಿಲ್ಲರಿನದು. ಪಟ್ಟಿಗಳು ಜಲ್ಲಿ ಕ್ರಷರಿನಲ್ಲಿ ಸವೆದು ಬಿಸಾಡಿದ ಬೆಲ್ಟು. ಕೀಲಿನ ಪಿನ್ನು ಕೊಳ್ಳೇಗಾಲದ ಗುಜರಿಯಲ್ಲಿ ಸಿಕ್ಕ ಯಾವುದೋ ಲಾರಿಯದು. ಬಂಡಿಯನ್ನು ಬಾಗಿಸುವ ಆಯಿಲ್ ಜಾಕು ಮುರಿದ ಜೆಸಿಬಿಯದು. ಚಿಕ್ಕಸಿದ್ದಯ್ಯ ಒಂದೊಂದನ್ನೂ ಮುಟ್ಟಿ ಅದರ ಪೂರ್ವಾಶ್ರಮ ಹೇಳುತ್ತಾರೆ.

ಮೊದಲು ಇವರ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಹುಳು ನಡೆಯುವುದನ್ನು ನೋಡಿಯೇ ಈ ಬಂಡಿ ಹೊಳೆದಿರಬೇಕು ಎಂದು ವರದಿಗಾಗಿ ಬಸ್ಸಿನಲ್ಲೇ ಚೆಂದದ ಸಾಲೊಂದನ್ನು ಕಟ್ಟಿಕೊಂಡು ಬಂದಿದ್ದೆ. ಅವರು ಅದನ್ನು ಒಂದೇ ಮಾತಿಗೆ ನೆಲಕ್ಕೆ ಹಾಕಿದರು. "ಉಳ ನೋಡಿ ಎಲ್ಲ ಅಲ್ಲ ಸಾ. ಮೊಬೈಲಲ್ಲಿ ನೋಡ್ದೆ. ಯಾವ್ದೋ ದೇಶದಲ್ಲಿ ಇಂಥದ್ದು ಮಂಜಿನ ಮ್ಯಾಲೆ ಓಯ್ತಿತ್ತು. ಮಂಜಲ್ಲಿ ಓದ್ರೆ ನಮ್ ಕೆಸ್ರಲ್ಲಿ ಯಾಕ್ ಓಗಾಕಿಲ್ಲ ಅಂದ್ಕಂಡೆ."

ಹುಳುವಿಗೂ ಬಂಡಿಗೂ ನಂಟು ಇದ್ದದ್ದು ಬೇರೆ ರೀತಿಯಲ್ಲಿ. ಎರಡು ಬೆಳೆ ರೋಗಕ್ಕೆ ಹೋದ ಮೇಲೆ ಖಾಲಿ ಬಿದ್ದಿದ್ದ ಹುಳುಮನೆಗೆ ಚಿಕ್ಕಸಿದ್ದಯ್ಯ ತಾತ್ಕಾಲಿಕವಾಗಿ ಎಂದು ವೆಲ್ಡಿಂಗ್ ಸಾಮಾನು ತಂದಿಟ್ಟರು. ಬಂಡಿ ಅಲ್ಲೇ ಬೆಳೆಯುತ್ತಾ ಬೆಳೆಯುತ್ತಾ ಗೋಡೆಯಿಂದ ಗೋಡೆಗೆ ಮುಟ್ಟಿತು. ಹೆಂಡತಿ ಶಿವನಂಜಮ್ಮನಿಗೆ ಮತ್ತೆ ಹುಳು ಮೇಯಿಸುವ ಆಸೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳು ಅಂಗಳಕ್ಕೆ ಬಿದ್ದಿದ್ದವು. "ನನ್ ಚಂದ್ರಂಕಿನೆಲ್ಲ ಮಳೇಲಿ ನಿಲ್ಸಿ, ಈ ಕಬ್ಬುಣಕ್ಕೆ ನೆಳ್ಳು ಕೊಟ್ಟವ್ರೆ," ಎಂದು ಅವರು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಹೋದ ವರ್ಷದ ಆಯುಧಪೂಜೆಗೆ ಬಂಡಿ ಮೊದಲ ಸಲ ಬೀದಿಗೆ ಇಳಿಯಿತು. ಎದುರಿಗೆ ಬೂದುಗುಂಬಳ ಒಡೆದರು, ಪಟ್ಟಿಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಬಾಳೆಕಂದು ಕಟ್ಟಿದರು. ಚೆಂಡುಹೂವಿನ ಹಾರವನ್ನು ಮೂತಿಯಿಂದ ಬಾಲದವರೆಗೆ ಎರಡೂ ಬದಿಗೆ ಬಿಟ್ಟರು. ದಾರ ಕಿತ್ತುಹೋಗಬಾರದೆಂದು ಹೂವನ್ನು ಪ್ಲಾಸ್ಟಿಕ್ ಹಗ್ಗಕ್ಕೆ ಪೋಣಿಸಿದ್ದರು. ಬೀದಿಯ ತಿರುವಿನಲ್ಲಿ ಬಂಡಿ ಬಾಗಬೇಕಿತ್ತು, ಹಗ್ಗ ಬಿಡಲಿಲ್ಲ. ಜಾಕಿನ ಪೈಪು ಕಿತ್ತು ಬಂತು, ಬಂಡಿ ನೆಟ್ಟಗೆ ಹೋಗಿ ತಿಪ್ಪೆಗೆ ನುಗ್ಗಿತು. ನೆರೆದಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಿಪ್ಪೆ ಎಕ್ಸ್‌ಪ್ರೆಸ್ ಎಂಬ ನಾಮಕರಣವೂ ಅಲ್ಲೇ ಆಯಿತು.

"ಹಗ್ಗನ ಜಗ್ಗಿ ಬಿಗ್ದೋನು ನಾನೇ ಕಣ್ಸಾ," ಎಂದು ಚಿಕ್ಕಸಿದ್ದಯ್ಯ ಈಗ ನಗುತ್ತಾರೆ. "ಅದು ನಡ ಬಗ್ಗುಸ್ತದೆ ಅನ್ನೋದ ಮಾಡ್ದೋನೇ ಮರ್ತ್ಬುಟ್ಟಿದ್ದೆ."

ಶಿವನಂಜಮ್ಮ ಅಂದು ನಗಲಿಲ್ಲ. ದೀಪಾವಳಿಯೊಳಗೆ ಬಂಡಿ ಒಂದಾದರೂ ಕೆಲಸಕ್ಕೆ ಬರಬೇಕು, ಇಲ್ಲದಿದ್ದರೆ ತುಂಡು ಮಾಡಿ ಗುಜರಿಗೆ ಎಂದು ಖಂಡಿತವಾಗಿ ಹೇಳಿದರು. ಗುಜರಿಯವನು ಬಂದು ಬಂಡಿಯ ಸುತ್ತ ಒಂದು ಸುತ್ತು ಹಾಕಿಯೂ ಹೋದ. ಆ ದಿನಗಳ ಮಾತು ಬಂದರೆ ಚಿಕ್ಕಸಿದ್ದಯ್ಯ ಈಗಲೂ ಮುಖ ಆಚೆ ತಿರುಗಿಸುತ್ತಾರೆ.

ಹಬ್ಬಕ್ಕೆ ಇನ್ನೇನು ಕೆಲವೇ ದಿನ ಇರುವಾಗ ಮಳೆ ಹಿಡಿಯಿತು. ಹಳ್ಳದಾಚೆಯ ಕರಿಕಲ್ಲುದೊಡ್ಡಿ ಎಂಬ ಪುಟ್ಟ ಊರಿನಲ್ಲಿ ಸಿಡಿಲು ಬಡಿದು ಟಿಸಿ ಸುಟ್ಟುಹೋಯಿತು. ಟ್ರಾನ್ಸ್‌ಫಾರ್ಮರಿಗೆ ಇಲ್ಲಿ ಎಲ್ಲರೂ ಟಿಸಿ ಅನ್ನುವುದು. ಕರೆಂಟಿಲ್ಲದೆ ಬೋರ್‌ವೆಲ್ ಮೋಟಾರು ಓಡಲಿಲ್ಲ, ನಲ್ಲಿ ಒಣಗಿತು. ಹೆಂಗಸರು ಹಳ್ಳದ ಕೆಂಪು ನೀರನ್ನೇ ಸೋಸಿ ಒಲೆಗಿಟ್ಟರು. ಹೊಸ ಟಿಸಿ ಬಂದದ್ದೇನೋ ಬಂತು, ಆದರೆ ಹೊತ್ತು ತಂದ ಟ್ರ್ಯಾಕ್ಟರು ಹಳ್ಳದ ದಡದ ಜೇಡಿಮಣ್ಣಿನಲ್ಲಿ ಆಕ್ಸಲ್‌ವರೆಗೆ ಹೂತುಹೋಯಿತು. ಲೈನ್‌ಮನ್ ಪ್ರಭುಸ್ವಾಮಿ ನೇರವಾಗಿ ಹುಳುಮನೆಯ ಬಾಗಿಲಿಗೆ ಬಂದರು. "ಅಣ್ಣ, ತಿಪ್ಪೇಲಿ ಬಿದ್ದಿದ್ದು ಸಾಕು. ಬಾ, ಹಳ್ಳ ಇಳ್ಸನ."

ನಗಲು ಬಂದಿದ್ದವರೇ ಟಿಸಿಯನ್ನು ಹಿಂದಿನ ತುಂಡಿಗೆ ಎತ್ತಿಟ್ಟು ಕಟ್ಟಿದರು. ಈ ಸಲ ಒಂದು ಹಗ್ಗವೂ ಕೀಲನ್ನು ದಾಟದಂತೆ ಚಿಕ್ಕಸಿದ್ದಯ್ಯ ಸುತ್ತಲೂ ಕೈಯಾಡಿಸಿ ನೋಡಿಕೊಂಡರು. ಶಿವನಂಜಮ್ಮ ದಡದಲ್ಲಿ ಸೆರಗು ಬಾಯಿಗೆ ಒತ್ತಿ ನಿಂತಿದ್ದರು. ಬಂಡಿ ಮೂತಿ ತಗ್ಗಿಸಿ ನೀರಿಗಿಳಿಯಿತು, ಆಚೆ ದಡಕ್ಕೆ ಮೂತಿ ಎತ್ತಿತು. ಆಗಲೇ ಮುಂದಿನ ಪಟ್ಟಿಗಳು ಜಾರಿದವು. ಕೆಸರು ಹಾರುತ್ತಿದೆ, ಎಂಜಿನ್ನಿನಿಂದ ಹಬೆ ಏಳುತ್ತಿದೆ, ಬಂಡಿ ಮಾತ್ರ ಇದ್ದಲ್ಲೇ ಇದೆ. ಚಿಕ್ಕಸಿದ್ದಯ್ಯ ಜಾಕಿನ ಹಿಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದರು. ಬಂಡಿ ಸೊಂಟ ಬಳುಕಿಸಿತು. ಮತ್ತೊಮ್ಮೆ ಬಳುಕಿಸಿತು. ಪಟ್ಟಿಗೆ ಗಟ್ಟಿ ನೆಲ ಸಿಕ್ಕಿತು, ಹಿಂದಿನ ತುಂಡು ನೂಕಿತು, ಟಿಸಿ ಅಲುಗದೆ ದಡ ಹತ್ತಿತು.

"ಅವತ್ತಿನ ಸಿಳ್ಳೆ ನೀವು ಕೇಳ್ಬೇಕಿತ್ತು," ಎನ್ನುತ್ತಾರೆ ಪ್ರಭುಸ್ವಾಮಿ. "ನಾನಂತೂ ಕೆಸ್ರಲ್ಲೇ ಕುಣುದ್ಬುಟ್ಟೆ ಸಾ!"

ಸಂಜೆಗೆ ಟಿಸಿ ಕೂರಿಸಿ ಕರೆಂಟು ಕೊಟ್ಟರು, ನಲ್ಲಿ ಬುಸುಗುಟ್ಟಿ ನೀರು ಬಿಟ್ಟಿತು. ದೊಡ್ಡಿಯ ಹಿರಿಯಜ್ಜಿ ಚಿಕ್ಕಬಸಮ್ಮ ಮೊದಲ ಬಿಂದಿಗೆ ತುಂಬಿಕೊಂಡು ಸೀದಾ ಬಂಡಿಯ ಹತ್ತಿರ ಬಂದರು. ಎಂಜಿನ್ನಿನ ನೀರೆಲ್ಲ ಕುದ್ದು ಆರಿಹೋಗಿತ್ತು. ಮೊದಲು ನೀನು ಕುಡಿಯವ್ವ ಎಂದು ಚಿಕ್ಕಸಿದ್ದಯ್ಯ ಹೇಳಿದರೆ ಅಜ್ಜಿ ಒಪ್ಪಲಿಲ್ಲ. "ಸುಮ್ನಿರಪ್ಪ. ಇದು ಬರ್ದಿದ್ರೆ ನೀರೆಲ್ಲಿತ್ತು? ಮೊದ್ಲು ಅದು ಕುಡೀಲಿ." ಇದನ್ನು ಕೇಳುವಾಗ ನನಗೂ ಕಣ್ಣು ತುಂಬಿ ಬಂತು, ಮುಚ್ಚಿಡುವುದೇಕೆ.

ಹಬ್ಬ ಕಳೆಯುತ್ತಲೇ ದೊಡ್ಡಿಯ ಜನ ಬಿದಿರ ಗಳು, ತಗಡು ಹೊತ್ತು ಬಂದು ಬಂಡಿಗೆಂದೇ ಈ ಶೆಡ್ಡು ಎತ್ತಿಕೊಟ್ಟರು. ಹುಳುಮನೆಯಲ್ಲಿ ಈಗ ಹುಳು ಸೊಪ್ಪು ಮೇಯುತ್ತಿದೆ. ಮತ್ತೊಮ್ಮೆ ವಿಚಾರಿಸಲು ಬಂದ ಗುಜರಿಯವನಿಗೆ ಶಿವನಂಜಮ್ಮನೇ ಮಂಗಳಾರತಿ ಎತ್ತಿ ಕಳಿಸಿದರಂತೆ. ಬಂಡಿಗೆ ಕೈತುಂಬ ಕೆಲಸ. ಯಳಂದೂರಿನ ಗದ್ದೆಬಯಲಿನಿಂದ ಭತ್ತದ ಹೊರೆ ಸಾಗಿಸಲು ಕರೆಯುತ್ತಾರೆ, ತಮಿಳುನಾಡಿನ ಗಡಿಯಂಚಿನ ಮಾರ್ಟಳ್ಳಿಯಿಂದ ನೋಡಲೆಂದೇ ಬರುತ್ತಾರೆ. ತಮಿಳಿನಲ್ಲಿ ಕೇಳಿದವರಿಗೆ ಚಿಕ್ಕಸಿದ್ದಯ್ಯ ತಮಿಳಿನಲ್ಲೇ ಕೀಲು ಬಿಚ್ಚಿ ತೋರಿಸುತ್ತಾರೆ.

ನಿಮಗೇನು ಆಸೆ ಎಂದು ಕೇಳುತ್ತೇನೆ. ಅವರು ಕೈಯ ಗ್ರೀಸು ಒರೆಸಿಕೊಳ್ಳುತ್ತಾರೆ.

"ಆ ಹಳ್ಳಕ್ಕೊಂದು ಸೇತ್ವೆ ಆಗ್ಬೇಕು ಸಾ."

ಸೇತುವೆ ಆದರೆ ನಿಮ್ಮ ಬಂಡಿಗೆ ಅಲ್ಲಿ ಕೆಲಸವೇ ಇರುವುದಿಲ್ಲವಲ್ಲ ಎಂದೆ.

"ಇಲ್ದಿದ್ರೆ ಬ್ಯಾಡ ಬುಡಿ. ಆದ್ರೆ ಸೇತ್ವೆ ಕಟ್ಟೋಕೆ ಕಂಬಿ, ಸಿಮೆಂಟು ಆಚೆ ದಡಕ್ಕೆ ಓಗ್ಬೇಕಲ್ವಾ ಸಾ?" ಚಿಕ್ಕಸಿದ್ದಯ್ಯ ಬಂಡಿಯ ಬೆನ್ನು ತಟ್ಟುತ್ತಾರೆ. "ಅದುನ್ನ ಹೊತ್ಕಂಡು ಓಗೋದು ಇದೇ."