ಕೊನೆಯ ಪ್ರಶ್ನೆಗೆ ‘ಇನ್ನೂ ಇಲ್ಲ’

ನಮ್ಮ ಕಾರ್ಯದರ್ಶಿಗಳ ಆ ನಗು ನೆನಪಾದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಮುದುಕಿಗೆ ಇಷ್ಟು ಸಿಟ್ಟು ಯಾಕೆ ಎಂದು ಮನೆಯವರು ಕೇಳುತ್ತಾರೆ. ಯಾಕೆಂದು ಹೇಳುತ್ತೇನೆ.

ಐವತ್ತರ ದಶಕದಲ್ಲಿ ನಾನು ಮುಂಬಯಿಯ ಕುರ್ಲಾದ ಒಂದು ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ನಮ್ಮದು ಉಡುಪಿ ಕಡೆಯ ಕ್ರೈಸ್ತ ಕುಟುಂಬ. ಶಾಲೆ ಬಿಟ್ಟ ಮೇಲೆ ಚಾಳಿನ ಕೋಣೆಯಲ್ಲಿ ಕೂತು, ಅಂಚೆಯ ಮೂಲಕ ಬೈಬಲ್ ಕಲಿಸುವ ಒಂದು ಸಂಸ್ಥೆಗಾಗಿ ಕನ್ನಡದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬರೆಯುವವರು ಹೆಚ್ಚಾಗಿ ಜೈಲಿನಲ್ಲಿದ್ದವರು. ತಪ್ಪಿದ್ದಲ್ಲಿ ಕೆಂಪು ಶಾಯಿ, ಕೆಳಗೆ ನಾಲ್ಕು ಸಾಲು ಧೈರ್ಯದ ಮಾತು, ಇಷ್ಟೇ ಕೆಲಸ. ಆ ನಾಲ್ಕು ಸಾಲಿಗಾಗಿ ಅವರು ಕಾಯುತ್ತಾರೆ ಎಂದು ತಿಳಿದ ಮೇಲೆ ನನ್ನ ಸಾಲುಗಳು ಪುಟ ತುಂಬತೊಡಗಿದವು.

ಅವರಲ್ಲಿ ಒಬ್ಬ ವಿಜಾಪುರದ ಕಡೆಯವನು. ಗಿರಣಿಯಲ್ಲಿದ್ದಾಗ ಜಗಳದಲ್ಲಿ ಕೆಲಸ ನೋಡಿಕೊಳ್ಳುವ ಮುಕಾದಮನ ತಲೆ ಒಡೆದಿದ್ದ. ನೋಡಿದವರು ಯಾರೂ ಇರಲಿಲ್ಲ. “ನಾನಲ್ಲ ಅನ್ನು ಸಾಕು” ಎಂದು ವಕೀಲರು ಹೇಳಿಕೊಟ್ಟಿದ್ದರಂತೆ. ಈ ಪುಣ್ಯಾತ್ಮ ಕಟಕಟೆಯಲ್ಲಿ ನಿಂತು “ನಾನೇ ಹೊಡೆದೆ” ಎಂದುಬಿಟ್ಟ! ಅವನು ಒಳಗೆ ಹೋದ ಮೇಲೆ ಊರಿನಲ್ಲಿ ಮಗಳು ಹುಟ್ಟಿ, ನಡೆಯಲು ಕಲಿತಿದ್ದಳು. ಅವಳ ಮುಖವನ್ನು ಅವನು ನೋಡಿರಲಿಲ್ಲ.

ಪಾಠ ಮುಗಿಸಿ ಸರ್ಟಿಫಿಕೇಟ್ ಪಡೆದವರ ಶಿಕ್ಷೆ ಕಡಿಮೆ ಮಾಡಲು ಶಿಫಾರಸು ಮಾಡುತ್ತೇನೆಂದು ಜೈಲಿನ ಸೂಪರಿಂಟೆಂಡೆಂಟ್ ಮಾತು ಕೊಟ್ಟಿದ್ದರು. ಇವನ ಬರಾಕಿನಲ್ಲಿ ಕನ್ನಡ ಬರೆಯಬಲ್ಲವನು ಇವನೊಬ್ಬನೇ. ಉಳಿದ ಆರು ಜನಕ್ಕೂ ಪಾಠ ಓದಿ ತಿಳಿಸಿ, ಅವರು ಹೇಳಿದ ಉತ್ತರವನ್ನು ಹಾಗೇ ಬರೆದುಕೊಡುತ್ತಿದ್ದ. ಮೊದಲ ಪಾಠದಲ್ಲೇ ಇದನ್ನು ನನಗೆ ತಿಳಿಸಿದ್ದ. ಅವನ ಅರ್ಕಾವೊತ್ತು ಕುಡುಗೋಲಿನ ಹಾಗೆ ಬಾಗಿರುತ್ತಿತ್ತು.

ಕೊನೆಯ ಪಾಠದ ಕೊನೆಯ ಪ್ರಶ್ನೆ, ‘ಯೇಸುವನ್ನು ನಿಮ್ಮ ರಕ್ಷಕನೆಂದು ಸ್ವೀಕರಿಸಿದ್ದೀರಾ?’ ಆರು ಪತ್ರಿಕೆಗಳಲ್ಲಿ ‘ಹೌದು’. ಅವನ ಪತ್ರಿಕೆಯಲ್ಲಿ, ಅದೇ ಕೈಬರಹದಲ್ಲಿ, ‘ಇನ್ನೂ ಇಲ್ಲ. ಯೋಚನೆ ಮಾಡುತ್ತಿದ್ದೇನೆ.’ ಉಳಿದ ಎಲ್ಲ ಪ್ರಶ್ನೆಗಳಿಗೂ ಅವನಿಗೆ ಪೂರ್ತಿ ಅಂಕ ಬಂದಿತ್ತು.

ನನ್ನ ವರದಿ ನೋಡಿ, ಅವನಿಗೆ ಸರ್ಟಿಫಿಕೇಟ್ ಇಲ್ಲ ಎಂದಿತು ಸಂಸ್ಥೆಯ ಆಫೀಸು. ಪತ್ರಿಕೆ ಹಿಡಿದು ಸಾಂತಾಕ್ರೂಜಿನ ಆ ಆಫೀಸಿಗೆ ಓಡಿದೆ. ಕಾರ್ಯದರ್ಶಿಗಳಿಗೆ ಕನ್ನಡ ಬಾರದು.

“ಆರು ಆತ್ಮಗಳು ಸಿಕ್ಕಿವೆ ಮಿಸ್. ಇನ್ನೊಂದಕ್ಕೆ ಯಾಕಿಷ್ಟು ತಲೆಬಿಸಿ?” ಎಂದರು. ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಎಣಿಸುವವರ ಧಾಟಿ!

“ಕಲಿತದ್ದಕ್ಕೆ ಸರ್ಟಿಫಿಕೇಟೋ, ನಂಬಿದ್ದಕ್ಕೋ?” ಎಂದು ಕೇಳಿದೆ.

ಆಗಲೇ ಅವರು ನಕ್ಕದ್ದು. “ಹೌದು ಅಂತ ಬರೆಸಿ ಕಳಿಸಿ. ನಾಳೆಯೇ ಸಹಿ ಹಾಕುತ್ತೇನೆ.”

ಸುಳ್ಳಾಡಬೇಡ ಎಂದು ಪಾಠ ಅಚ್ಚು ಹಾಕಿಸಿ ಹಂಚುವವರ ಬಾಯಲ್ಲಿ ಈ ಮಾತು. ನಿಮ್ಮ ಆರು ಆತ್ಮಗಳಿಗೂ ಪಾಠ ಹೇಳಿದವನು ಇವನೇ ಎಂದು ಕೂಗಿಬಿಡಬೇಕೆನಿಸಿತು. ಕೂಗಿದ್ದರೆ, ಉತ್ತರ ಬರೆದ ಕೈ ಬೇರೆಯವರದೆಂದು ಆ ಆರು ಜನರ ಬಿಡುಗಡೆಗೂ ಕಲ್ಲು ಬೀಳುತ್ತಿತ್ತು. ಹಲ್ಲು ಕಚ್ಚಿಕೊಂಡು ಲೋಕಲ್ ಹತ್ತಿದೆ. ಆ ಪ್ರಶ್ನೆಯ ಕೆಳಗಿನ ಉತ್ತರದ ಚೌಕದಲ್ಲಿ ಒಂದು ಪದ ಬರೆದರೆ ಮಗು ತಂದೆಯನ್ನು ನೋಡುತ್ತದೆ, ಬರೆಯದಿದ್ದರೆ ಇಲ್ಲ. ದೇವರ ಹೆಸರಿನಲ್ಲಿ ಇಂಥ ವ್ಯಾಪಾರ! ನನಗೆ ದೇವರ ಮೇಲಲ್ಲ, ಆ ಚೌಕದ ಮೇಲೆ ಹೇಸಿಗೆ ಹುಟ್ಟಿತು.

ಸರ್ಟಿಫಿಕೇಟ್ ಹಂಚುವ ದಿನ ನಾನೂ ಜೈಲಿಗೆ ಹೋದೆ. ಅವನನ್ನು ಕಂಡದ್ದು ಅದೇ ಮೊದಲು. ಕುಳ್ಳಗಿದ್ದ, ನೆತ್ತಿಯ ಕೂದಲು ಉದುರಿತ್ತು. ಸಿಟ್ಟಿನಲ್ಲಿ ಅವನ ಮೇಲೂ ಹರಿಹಾಯ್ದೆ.

“ಒಂದು ಪದ ಬರೆಯೋದಕ್ಕೆ ಏನಾಗಿತ್ತು ನಿನಗೆ? ಮಗಳನ್ನು ನೋಡಬೇಡವಾ?”

ಅವನು ತಲೆ ತಗ್ಗಿಸಿದ. “ನೋಡಬೇಕ್ರೀ ಬಾಯಾರ. ದಿನಾ ಅದ ಚಿಂತಿ. ಆದ್ರ ಕೋರ್ಟಿನ್ಯಾಗ ಸುಳ್ಳ ಹೇಳಿದ್ರ ನಾ ಇಲ್ಲಿಗೇ ಬರ್ತಿರಲಿಲ್ಲ. ಅಲ್ಲಿ ಹೇಳಲಾರದ್ದು ನಿಮ್ಮ ದೇವರ ಮುಂದ ಹೇಳಲೇನ್ರೀ?”



ಅಷ್ಟರಲ್ಲಿ ಕನ್ನಡದಲ್ಲಿದ್ದ ಸರ್ಟಿಫಿಕೇಟುಗಳನ್ನು ಕಾರ್ಯದರ್ಶಿಗಳು ತಿರುವಿ ಮುರುವಿ ನೋಡಿ, “ಇಧರ್ ಕನ್ನಡ ಕೌನ್ ಪಢೇಗಾ?” ಎಂದು ಕನ್ನಡ ಓದಬಲ್ಲವರನ್ನು ಕೇಳಿದರು. ಕೈದಿಗಳೆಲ್ಲ ಅವನ ಕಡೆ ನೋಡಿದರು. ನಾನು ಏಳುವಷ್ಟರಲ್ಲಿ ಅವನೇ ಮುಂದೆ ಹೋಗಿ, ಆರೂ ಹೆಸರುಗಳನ್ನು ಒಂದೊಂದಾಗಿ, ಸ್ಪಷ್ಟವಾಗಿ ಓದಿದ. ಇವರಿಗೆ ಶಿಫಾರಸು ಹೋಗುತ್ತದೆ ಎಂದು ಸೂಪರಿಂಟೆಂಡೆಂಟ್ ಸಾರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ.

ನಾನು ತಟ್ಟಲಿಲ್ಲ.